ಬಾನೆಟ್ ಬಾಯಿ ಬಿಡದಿದ್ದಾಗ

ಲಿವರ್ ಎಳೆದರೂ ಬಾನೆಟ್ ಏಳದಿದ್ದರೆ ಕೈ ತಾನಾಗಿಯೇ ಇನ್ನಷ್ಟು ಜೋರು ಹಾಕುತ್ತದೆ. ತಡೆಯಬೇಕಾದದ್ದು ಅಲ್ಲೇ. ಪ್ಲಾಸ್ಟಿಕ್ಕಿನ ಹಿಡಿ ಮುರಿಯುವುದು, ಅರ್ಧ ಸವೆದ ಕೇಬಲ್ಲಿನ ಉಳಿದ ಎಳೆಗಳು ಹರಿಯುವುದು ಹೆಚ್ಚಾಗಿ ಆ ಎರಡನೇ ಎಳೆತಕ್ಕೆ. ಉಡುಪಿ ಜಿಲ್ಲೆಯ ಕಡಲ ಬದಿಯಲ್ಲಿ, ಹೆದ್ದಾರಿ 66ಕ್ಕೆ ತಾಗಿದ ಗ್ಯಾರೇಜೊಂದರಲ್ಲಿ ನಾನು ಇದನ್ನು ಕಲಿತೆ. ಕಲಿಸಿದವರು ಅಲ್ಲಿಯ ಹಿರಿಯ ಮೆಕ್ಯಾನಿಕ್.

ಕಾರು ಹಳೆಯ ಹ್ಯಾಚ್‌ಬ್ಯಾಕ್. ಮಳೆಗಾಲ ಆಗಷ್ಟೇ ಮುಗಿದಿತ್ತು. ಬಾನೆಟ್ ಬರುತ್ತಿಲ್ಲ ಎಂದಾಗ ಆ ಮೆಕ್ಯಾನಿಕ್ ಯಾವ ಸಾಮಾನನ್ನೂ ಕೈಗೆತ್ತಿಕೊಳ್ಳಲಿಲ್ಲ. ಡ್ರೈವರ್ ಕಡೆಯ ಬಾಗಿಲು ತೆರೆದು, ನೆಲಕ್ಕೆ ಕುಕ್ಕರಗಾಲಲ್ಲಿ ಕೂತು, ಎರಡೇ ಬೆರಳಲ್ಲಿ ಲಿವರನ್ನು ಮೆಲ್ಲಗೆ ಎಳೆದು ಬಿಟ್ಟರು. ಮತ್ತೊಮ್ಮೆ ಎಳೆದು ಬಿಟ್ಟರು. ನೋಟ ಲಿವರಿನ ಮೇಲೆ ಇರಲೇ ಇಲ್ಲ, ಕಿವಿ ಮಾತ್ರ ಕಾರಿನ ಮೂತಿಯ ಕಡೆಗಿತ್ತು.

"ವಯರ್ ಸರಿ ಉಂಟು ಮಾರಾಯ್ರೆ, ತುಂಡಾಗ್ಲಿಲ್ಲ. ಎದುರಿನ ಲಾಕ್ ಹಿಡ್ಕೊಂಡದ್ದು" ಎಂದರು.

ಅಷ್ಟು ಬೇಗ ಅದು ಹೇಗೆ ಗೊತ್ತಾಯಿತು ಎಂಬುದೇ ಈ ಕೆಲಸದ ಅರ್ಧ ವಿದ್ಯೆ. ಲಿವರ್ ಯಾವ ಬಿಗಿಯೂ ಇಲ್ಲದೆ ಸಡಿಲವಾಗಿ ಕೈಗೆ ಬಂದರೆ ಕೇಬಲ್ ಹರಿದಿದೆ ಅಥವಾ ಒಂದು ತುದಿಯಲ್ಲಿ ಕಳಚಿದೆ. ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಕೇಬಲ್ ತುಕ್ಕು ಹಿಡಿದು ಕೊಳವೆಯೊಳಗೆ ಕಚ್ಚಿಕೊಂಡಿದೆ, ಇಲ್ಲವೇ ಲಾಕೇ ಸೆಟೆದುಕೊಂಡಿದೆ. ಎಳೆದಾಗ ಬಿಗಿಯಾಗಿ ಬಂದು, ಬಿಟ್ಟ ಕೂಡಲೇ ಸ್ಪ್ರಿಂಗಿನ ಬಲಕ್ಕೆ ಹಿಂದೆ ಸರಿದರೆ ಕೇಬಲ್ ಎರಡೂ ಕಡೆ ಹಿಡಿದೇ ಇದೆ ಎಂದರ್ಥ. ತೊಂದರೆ ಇರುವುದು ಮುಂದೆ. ಇನ್ನು 'ಟಕ್' ಎಂದು ಸದ್ದು ಬಂದೂ ಬಾನೆಟ್ ಮೇಲೇಳದಿದ್ದರೆ ಮೊದಲ ಲಾಕ್ ಬಿಟ್ಟಿರಬಹುದು, ಮೇಲೆತ್ತುವ ಸ್ಪ್ರಿಂಗ್ ಸೋತಿರಬಹುದು. ಆಗ ಒಬ್ಬರು ಲಿವರ್ ಎಳೆದು ಹಿಡಿದಿರುವಾಗಲೇ ಇನ್ನೊಬ್ಬರು ಬಾನೆಟ್ಟಿನ ಅಂಚಿಗೆ ಬೆರಳು ಹಾಕಿ ಎತ್ತಿದರೆ ಸಾಕಾಗುತ್ತದೆ.

ಕೇಬಲ್ಲಿನ ರಚನೆಯನ್ನೂ ಒಮ್ಮೆ ನೋಡಬೇಕು. 1896ರಲ್ಲಿ ಅರ್ನೆಸ್ಟ್ ಬೌಡನ್ ಪೇಟೆಂಟ್ ಪಡೆದ ಬಗೆಯ ಕೇಬಲ್ ಇದು. ಸೈಕಲ್ ಬ್ರೇಕಿನಲ್ಲಿ, ಬೈಕಿನ ಕ್ಲಚ್ಚಿನಲ್ಲಿ ಇರುವುದೂ ಇದೇ. ಒಳಗೆ ಉಕ್ಕಿನ ಸಣ್ಣ ಎಳೆಗಳನ್ನು ಹೊಸೆದ ತಂತಿ, ಹೊರಗೆ ಸುರುಳಿ ಸುತ್ತಿದ ಉಕ್ಕಿನ ಕೊಳವೆ, ಅದರ ಮೇಲೆ ಪ್ಲಾಸ್ಟಿಕ್ ಹೊದಿಕೆ. ತಂತಿ ಎಳೆಯುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಹೊರಗಿನ ಕೊಳವೆ ಎರಡೂ ತುದಿಯಲ್ಲಿ ಅಲುಗದೆ ನಿಂತರೆ ಮಾತ್ರ ಆ ಎಳೆತ ಲಾಕಿಗೆ ಮುಟ್ಟುತ್ತದೆ. ಮುಂಭಾಗದ ಕ್ಲಿಪ್ಪಿನಿಂದ ಕೊಳವೆ ಜಾರಿತೆನ್ನಿ, ತಂತಿ ಹರಿಯದಿದ್ದರೂ ಲಾಕ್ ಜಗ್ಗುವುದಿಲ್ಲ. ಹೊಸ ಕೇಬಲ್ ತರಿಸುವ ಮೊದಲು ಈ ಕ್ಲಿಪ್ಪನ್ನು ನೋಡಲೇಬೇಕು. ಕೊಳವೆಯನ್ನು ಅದರ ಜಾಗದಲ್ಲಿ ಕೂರಿಸಿ, ಅಲುಗದಂತೆ ಬಿಗಿದರೆ ಹಳೆಯ ಕೇಬಲ್ಲೇ ಮತ್ತೆ ಕೆಲಸಕ್ಕೆ ಬರುವುದುಂಟು.

ಇನ್ನು ಮುಂದಿನ ಲಾಕ್. ಬಾನೆಟ್ಟಿನ ಕೆಳಗೆ ಕಂಬಿಯ ಕೊಂಡಿಯೊಂದು ಇರುತ್ತದೆ. ರೇಡಿಯೇಟರಿನ ಮೇಲಿನ ಅಡ್ಡಪಟ್ಟಿಯಲ್ಲಿರುವ ಕೊಕ್ಕೆ ತಿರುಗಿ ಆ ಕೊಂಡಿಯನ್ನು ಹಿಡಿಯುತ್ತದೆ. ಕೊಕ್ಕೆ ಹಿಂದಕ್ಕೆ ತಿರುಗದಂತೆ ಒಂದು ಸಣ್ಣ ಹಲ್ಲು ತಡೆಯುತ್ತದೆ. ಕೇಬಲ್ ಎಳೆಯುವುದು ಆ ಹಲ್ಲನ್ನು. ಬಾನೆಟ್ಟಿನ ರಬ್ಬರ್ ಗುಬ್ಬಿಗಳೂ ಸ್ಪ್ರಿಂಗೂ ಸದಾ ಮೇಲಕ್ಕೆ ಒತ್ತುತ್ತಿರುವುದರಿಂದ ಕೊಕ್ಕೆಯ ಭಾರ ಪೂರ್ತಿ ಆ ಹಲ್ಲಿನ ಮೇಲಿರುತ್ತದೆ. ತುಕ್ಕೂ ಸೇರಿದರೆ ಕೇಬಲ್ಲಿನ ಬಲ ಸಾಲದು. ಹಾಗಾಗಿ ಗ್ಯಾರೇಜಿನವರು ಇಬ್ಬರಾಗಿ ಮಾಡುವ ಆ ಸರಳ ಉಪಾಯಕ್ಕೆ ಗಟ್ಟಿ ಕಾರಣವಿದೆ: ಒಬ್ಬರು ಲಿವರನ್ನು ಎಳೆದು ಹಿಡಿಯುವುದು, ಇನ್ನೊಬ್ಬರು ಲಾಕ್ ಇರುವ ಕಡೆ ಬಾನೆಟ್ಟನ್ನು ಅಂಗೈಯಿಂದ ಕೆಳಕ್ಕೆ ಅದುಮಿ ಬಿಡುವುದು. ಅದುಮಿದ ಕ್ಷಣ ಹಲ್ಲಿನ ಮೇಲಿನ ಭಾರ ಇಳಿಯುತ್ತದೆ, ಅದು ಜಾರುತ್ತದೆ. ಅಂಗೈ ಅಗಲವಾಗಿ ಊರಬೇಕು. ಮುಷ್ಟಿಯಿಂದ ಗುದ್ದಿದರೆ ತಗಡು ತಗ್ಗಾಗಿ, ಟಿಂಕರಿಂಗ್ ಖರ್ಚು ಬೇರೆ ಬೀಳುತ್ತದೆ.

ನಮ್ಮ ಕಾರಿಗೆ ಅದು ಒಂದೇ ಸಲಕ್ಕೆ ಆಗಲಿಲ್ಲ. ಮೆಕ್ಯಾನಿಕ್ ಟಾರ್ಚ್ ಹಿಡಿದು ಮುಂದಿನ ಗ್ರಿಲ್ಲಿನ ಸಂದಿಯಲ್ಲಿ ಇಣುಕಿ, ತುಕ್ಕು ಬಿಡಿಸುವ ಸ್ಪ್ರೇಯ ಉದ್ದ ನಳಿಕೆಯನ್ನು ಲಾಕಿನತ್ತ ತೂರಿಸಿ ಹೊಡೆದು, ಚಹಾ ಕುಡಿಯಲು ಹೋದರು. ಎಣ್ಣೆ ಇಳಿಯಲು ಹೊತ್ತು ಬೇಕು. ವಾಪಸ್ ಬಂದು ಹುಡುಗನನ್ನು ಲಿವರಿಗೆ ಕೂರಿಸಿ, ತಾವು ಅದುಮಿದರು. ಅದುಮಿ ಬಿಟ್ಟು, ಅದುಮಿ ಬಿಟ್ಟು ಮಾಡುತ್ತಿರುವಾಗ ಬಾನೆಟ್ ಬೆರಳಗಲ ಎದ್ದಿತು.

ಒಳಗೆ ಕಂಡದ್ದು ಕರಾವಳಿಯ ಕಾರುಗಳ ಪಾಡು. ಕೊಕ್ಕೆಯ ಮೂಲೆಯಲ್ಲಿ ಗ್ರೀಸ್ ಒಣಗಿ ಕಪ್ಪು ಅಂಟಾಗಿತ್ತು, ಅದರ ಮೇಲೆ ಕೆಂಪು ಧೂಳು ಕೂತಿತ್ತು, ಸ್ಪ್ರಿಂಗಿನ ಸುರುಳಿಗಳ ನಡುವೆ ತುಕ್ಕು ಹಬ್ಬಿತ್ತು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿಗೆ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ. ಅಲ್ಲಿ ದಿನಾ ಓಡಾಡುವ ಕಾರಿಗೆ ಉಪ್ಪುಗಾಳಿ ಎದುರಿನಿಂದಲೇ ಬಡಿಯುತ್ತದೆ, ಮೊದಲು ತಾಗುವುದು ಗ್ರಿಲ್ಲಿನ ಹಿಂದಿರುವ ಈ ಲಾಕಿಗೇ. ಬಯಲುಸೀಮೆಯ ಕಾರುಗಳಿಗೆ ಉಪ್ಪಿನ ಕಾಟ ಇಲ್ಲದಿದ್ದರೂ ಧೂಳಿನ ಕಾಟ ಇದ್ದೇ ಇದೆ.

ಲಿವರ್ ಎಳೆದ ಮೇಲೂ ಬಾನೆಟ್ ಪೂರ್ತಿ ತೆರೆಯದೆ, ಬೆರಳಿಗೆ ಸಿಗುವ ಇನ್ನೊಂದು ಕೊಂಡಿಯಲ್ಲಿ ನಿಲ್ಲುತ್ತದಲ್ಲ, ಅದನ್ನು ಕಿರಿಕಿರಿ ಎಂದು ಬಗೆಯುವವರಿದ್ದಾರೆ. ಅದು ಜೀವ ಉಳಿಸುವ ಕೊಂಡಿ. ಓಡುತ್ತಿರುವಾಗ ಮೊದಲ ಲಾಕ್ ಬಿಟ್ಟುಕೊಂಡರೆ, ಬಾನೆಟ್ ಹಾರಿ ಮುಂದಿನ ಗಾಜಿಗೆ ಅಪ್ಪಳಿಸದಂತೆ ತಡೆಯುವುದು ಅದೊಂದೇ. ಮುಂದಿನಿಂದ ತೆರೆದುಕೊಂಡು ಚಾಲಕನ ನೋಟಕ್ಕೆ ಅಡ್ಡ ಬರುವ ಬಾನೆಟ್ಟಿಗೆ ಎರಡನೇ ಹಿಡಿತ ಇರಲೇಬೇಕೆಂದು ಅಮೆರಿಕದ ವಾಹನ ಸುರಕ್ಷತಾ ನಿಯಮ 113 ಹೇಳುತ್ತದೆ. ಅದು 1969ರಿಂದ ಜಾರಿಯಲ್ಲಿದೆ. ಅಲ್ಲಿ ನಿಸಾನ್ ಕಂಪನಿ 2013ರಿಂದ 2018ರ ವರೆಗಿನ ಆಲ್ಟಿಮಾ ಕಾರುಗಳನ್ನು ವಾಪಸ್ ಕರೆಸಬೇಕಾಗಿ ಬಂದದ್ದು ಈ ಎರಡನೇ ಕೊಂಡಿಯ ದೆಸೆಯಿಂದಲೇ. ತುಕ್ಕು, ಕೊಳೆ ಸೇರಿ ಕೊಂಡಿ ತೆರೆದ ಸ್ಥಿತಿಯಲ್ಲೇ ಅಂಟಿಕೊಳ್ಳುತ್ತಿತ್ತು. ಒಂದು ಕಡೆ ಬಾನೆಟ್ಟನ್ನು ತೆರೆಯಗೊಡದ ತುಕ್ಕು ಇನ್ನೊಂದು ಕಡೆ ಅದನ್ನು ಹಾರಿಸಲೂಬಹುದು. ಬಾನೆಟ್ ಅರ್ಧ ಎದ್ದ ಕಾರನ್ನು 'ಗ್ಯಾರೇಜು ಇಲ್ಲೇ ಪಕ್ಕದಲ್ಲಿ' ಎಂದು ಓಡಿಸುವವರನ್ನು ಕಂಡರೆ ನನಗೆ ಎದೆ ಝಲ್ಲೆನ್ನುತ್ತದೆ.

ಕೇಬಲ್ ನಿಜಕ್ಕೂ ಹರಿದಾಗಿನ ಪಾಡನ್ನೂ ಅದೇ ಗ್ಯಾರೇಜಿನಲ್ಲಿ, ಬಾಡಿಗೆ ಕಾರೊಂದರಲ್ಲಿ ಕಂಡೆ. ತಂತಿ ಲಿವರಿನ ಬುಡದಲ್ಲಿ ಹರಿದಿದ್ದರೆ ಕೆಲಸ ಸುಲಭ. ಲಿವರ್ ಬಿಚ್ಚಿ, ಕೊಳವೆಯಿಂದ ಇಣುಕುವ ತುಂಡನ್ನು ಪ್ಲೈಯರಿನಲ್ಲಿ ಬಿಗಿ ಹಿಡಿದು ಎಳೆದರಾಯಿತು. ಆ ಕಾರಿನಲ್ಲಿ ಹರಿದದ್ದು ನಡುವೆ. ಮುಂದಿನ ಚಕ್ರವನ್ನು ತಿರುಗಿಸಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ ಹೊದಿಕೆಯನ್ನು ಕಳಚಿ, ಅಲ್ಲಿಂದ ಹಾದುಹೋಗುವ ಕೇಬಲ್ಲನ್ನು ಹುಡುಕಿ, ಲಾಕಿನ ಕಡೆಯ ತುಂಡನ್ನು ಜಗ್ಗಿ ತೆರೆದರು. ಅದೂ ಸಿಗದ ಕಾರುಗಳಲ್ಲಿ ಗ್ರಿಲ್ ಕಳಚಿ, ಇಲ್ಲವೇ ಕೆಳಗಿನ ಹೊದಿಕೆ ಬಿಚ್ಚಿ, ಉದ್ದ ಸ್ಕ್ರೂಡ್ರೈವರಿನಿಂದ ಲಾಕಿನ ಹಲ್ಲನ್ನೇ ಸರಿಸುತ್ತಾರೆ. ಹಲ್ಲು ಯಾವ ಕಡೆಗೆ ಸರಿಯಬೇಕೆಂದು ತಿಳಿಯಲು ಅದೇ ಮಾಡೆಲಿನ ಇನ್ನೊಂದು ಕಾರಿನ ಬಾನೆಟ್ ತೆರೆದು ನೋಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯ ದಾರಿ. ಬಾಡಿಗೆ ಕಾರಿನ ದಿನ ಅವರು ಮಾಡಿದ್ದೂ ಅದನ್ನೇ.

ಕೆಳಗಿನಿಂದ ಕೈ ಹಾಕುವವರು ಎರಡು ಮಾತು ಮರೆಯಬಾರದು. ಬರೀ ಜಾಕಿನ ಮೇಲೆ ನಿಂತ ಕಾರಿನ ಅಡಿಗೆ ಎಂದೂ ನುಗ್ಗಬಾರದು, ಸ್ಟ್ಯಾಂಡ್ ಕೊಡಲೇಬೇಕು. ಎಂಜಿನ್ ಪೂರ್ತಿ ತಣಿಯಬೇಕು. ಕೆಲವು ಕಾರುಗಳಲ್ಲಿ ಎಂಜಿನ್ ನಿಲ್ಲಿಸಿದ ಮೇಲೂ ರೇಡಿಯೇಟರ್ ಫ್ಯಾನು ಇದ್ದಕ್ಕಿದ್ದಂತೆ ತಿರುಗುತ್ತದೆ, ಬೆರಳು ಇರುವುದು ಅದರ ಪಕ್ಕದಲ್ಲೇ.

ಕೇಬಲ್ಲೇ ಇಲ್ಲದ ಕಾರುಗಳೂ ಇವೆ. ಯುರೋಪಿನಲ್ಲಿ ಓಡಿದ ಹಳೆಯ ಫೋರ್ಡ್ ಫೋಕಸ್ಸಿನಲ್ಲಿ ಮುಂದಿನ ಲಾಂಛನವನ್ನು ಸರಿಸಿ, ಕೀಲಿ ತಿರುಗಿಸಿ ಬಾನೆಟ್ ತೆರೆಯಬೇಕಿತ್ತು. ಟೆಸ್ಲಾ ಮಾಡೆಲ್ 3ರಲ್ಲಿ ಲಾಕ್ ವಿದ್ಯುತ್ತಿನದು. ಅದರ ಸಣ್ಣ ಬ್ಯಾಟರಿ ಸತ್ತರೆ, ಬಂಪರಿನಲ್ಲಿ ಎಳೆಯುವ ಕೊಂಡಿಯ ಮುಚ್ಚಳದ ಹಿಂದಿರುವ ತಂತಿಗಳಿಗೆ ಹೊರಗಿನ 12 ವೋಲ್ಟ್ ಬ್ಯಾಟರಿ ಜೋಡಿಸಿ ತೆರೆಯುತ್ತಾರೆ. ಕಾರು ಯಾವುದೇ ಇರಲಿ, ಅದರ ಪುಸ್ತಕದಲ್ಲಿ ಈ ಒಂದು ಪುಟವನ್ನು ಮೊದಲೇ ಓದಿಟ್ಟುಕೊಳ್ಳುವುದು ಲೇಸು.

ತೆರೆದ ಮೇಲಿನ ಕೆಲಸವನ್ನು ಆ ಮೆಕ್ಯಾನಿಕ್ ಅವಸರವಿಲ್ಲದೆ ಮಾಡಿದರು. ಬಾನೆಟ್ಟನ್ನು ಕೋಲಿಗೆ ನಿಲ್ಲಿಸಿ, ಲಾಕನ್ನು ಬ್ರಶ್ಶಿನಿಂದ ಉಜ್ಜಿ, ಹಳೆಯ ಅಂಟನ್ನು ಒರೆಸಿ ತೆಗೆದು, ಆಮೇಲೆ ಹೊಸ ಗ್ರೀಸ್ ಹಚ್ಚಿದರು. ಸ್ಪ್ರೇ ಹೊಡೆದದ್ದಷ್ಟೇ ಸಾಲದು, ಅದು ಬೇಗ ಆರಿಹೋಗುತ್ತದೆ. ಬಳಿಕ ಬಾನೆಟ್ ಎತ್ತಿಟ್ಟಂತೆಯೇ, ಸ್ಕ್ರೂಡ್ರೈವರಿನ ತುದಿಯಿಂದ ಕೊಕ್ಕೆಯನ್ನು ಒತ್ತಿ ಲಾಕ್ ಮಾಡಿದರು. ಹುಡುಗ ಲಿವರ್ ಎಳೆದ. ಕೊಕ್ಕೆ ಚಿಮ್ಮಿ ತೆರೆಯಿತು. ಮತ್ತೆ ಒತ್ತಿ, ಮತ್ತೆ ಎಳೆಸಿ, ಎಲ್ಲೂ ತಡವರಿಸುತ್ತಿಲ್ಲ ಎಂದು ಖಾತ್ರಿಯಾದ ಮೇಲೆಯೇ ಬಾನೆಟ್ ಮುಚ್ಚಿದ್ದು. ಈ ಪರೀಕ್ಷೆ ಮಾಡದೆ ಮುಚ್ಚಿದರೆ ಪುನಃ ಗ್ರಿಲ್ಲಿನ ಸಂದಿಗೇ ಹೋಗಬೇಕು.

ಬಾಡಿಗೆ ಕಾರಿನವರಿಗೆ ಹೊಸ ಕೇಬಲ್ ಹಾಕಿದ್ದಲ್ಲದೆ, ಲಾಕಿನ ಹಲ್ಲಿಗೆ ಇನ್ನೊಂದು ತೆಳ್ಳನೆಯ ತಂತಿಯನ್ನು ಕಟ್ಟಿ, ಬಂಪರಿನ ಒಳಗೆ ಹೊರಗಿನವರ ಕಣ್ಣಿಗೆ ಬೀಳದಂತೆ ಇಳಿಬಿಟ್ಟರು. ಕೇಬಲ್ ಮತ್ತೆ ಕೈಕೊಟ್ಟರೆ ಅದನ್ನು ಎಳೆದು ತೆರೆಯಬಹುದು. ವಯಸ್ಸಾದ ಕಾರಿಗೆ ಇದು ಒಳ್ಳೆಯ ಏರ್ಪಾಡು ಎಂದೇ ನನ್ನ ಅಭಿಪ್ರಾಯ. ಆದರೆ ಬ್ಯಾಟರಿ ಕಳ್ಳರಿಗೂ ಅದೇ ದಾರಿಯಾಗುತ್ತದೆ, ಹಾಗಾಗಿ ತುದಿ ಎಲ್ಲಿದೆ ಎಂಬುದು ಮನೆಯವರಿಗೆ ಮಾತ್ರ ಗೊತ್ತಿರಬೇಕು. ತಂತಿ ಫ್ಯಾನಿಗೆ ಸಿಗದಂತೆ, ಕುಲುಕಾಟಕ್ಕೆ ತಾನೇ ಬಿಗಿಯಾಗಿ ಲಾಕನ್ನು ಎಳೆಯದಂತೆ ಸ್ವಲ್ಪ ಸಡಿಲ ಬಿಟ್ಟು ಕಟ್ಟಬೇಕು.