ಮಾಸು: ಎರಡು ಜೀವಗಳ ಸಂವಾದ

ಮಗು ಹುಟ್ಟಿದೊಡನೆ ಎಲ್ಲರ ದೃಷ್ಟಿಯೂ ಮಗುವಿನ ಮೇಲೆ ನೆಡುತ್ತದೆ. ಅದರ ಹಿಂದೆಯೇ ಹೊರಬರುವ ಮಾಸಿನ ಕಡೆಗೆ ಲಕ್ಷ್ಯ ಕೊಡುವವರು ವಿರಳ. ಹಳ್ಳಿಗಳಲ್ಲಿ ಅದನ್ನು ಮಣ್ಣಿನಲ್ಲಿ ಹೂಳುವ ವಾಡಿಕೆಯುಂಟು. ಸಂಸ್ಕೃತದಲ್ಲಿ ಜರಾಯು ಎಂದು ಕರೆಯಲ್ಪಡುವ ಈ ಅವಯವವು ಒಂಬತ್ತು ತಿಂಗಳ ಕಾಲ ಶಿಶುವಿನ ಶ್ವಾಸಕೋಶದ, ಕರುಳಿನ ಮತ್ತು ಮೂತ್ರಪಿಂಡದ ಕೆಲಸಗಳನ್ನು ತಾನೊಂದೇ ನಿರ್ವಹಿಸುತ್ತದೆ. ಪೂರ್ಣವಾಗಿ ಬೆಳೆದಾಗ ಅದರ ತೂಕ ಸುಮಾರು ೫೦೦ ಗ್ರಾಂ. ಅಗಲ ಸುಮಾರು ೨೨ ಸೆಂಟಿಮೀಟರು.

ಮಾಸಿನ ವಿಷಯದಲ್ಲಿ ಎರಡು ಸಂಗತಿಗಳನ್ನು ಮೊದಲೇ ನೆನಪಿನಲ್ಲಿಡಬೇಕು. ಒಂದು, ಅದರ ಬಹುಭಾಗವು ತಾಯಿಯ ದೇಹದಿಂದಲ್ಲ, ಮಗು ಬೆಳೆದ ಅದೇ ಫಲಿತ ಅಂಡದಿಂದ ಹುಟ್ಟಿದ್ದು. ಎರಡು, ತಾಯಿಯ ರಕ್ತವೂ ಶಿಶುವಿನ ರಕ್ತವೂ ಅಲ್ಲಿ ಒಂದಾಗಿ ಹರಿಯುವುದಿಲ್ಲ; ನಡುವೆ ತೆಳುವಾದ ಕೋಶಪದರವೊಂದಿದೆ. ಆದುದರಿಂದ ಈ ಎರಡು ಜೀವಗಳು ಪರಸ್ಪರ ಸಹಕರಿಸಬೇಕಾದರೆ ಅವುಗಳ ಜೀವಕೋಶಗಳು ಒಂದರೊಡನೊಂದು ಮಾತನಾಡಲೇಬೇಕು.

ಕೋಶಗಳು ಮಾತನಾಡುವ ಬಗೆ

ಜೀವಕೋಶಕ್ಕೆ ಬಾಯಿಯಿಲ್ಲ, ಕಿವಿಯಿಲ್ಲ. ಅದು ಮಾತನಾಡುವುದೆಂದರೇನು? ಒಂದು ಕೋಶವು ಒಂದು ರಾಸಾಯನಿಕ ವಸ್ತುವನ್ನು ಹೊರಬಿಡುತ್ತದೆ, ಇದು ಸಂದೇಶ. ಇನ್ನೊಂದು ಕೋಶದ ಮೇಲ್ಮೈಯಲ್ಲಿ ಆ ವಸ್ತುವನ್ನು ಮಾತ್ರ ಹಿಡಿಯಬಲ್ಲ ಪ್ರೋಟೀನು ಇರುತ್ತದೆ, ಇದು ಗ್ರಾಹಕ. ಬೀಗಕ್ಕೆ ಬೀಗದಕೈ ಹೊಂದುವಂತೆ ಸಂದೇಶವು ಗ್ರಾಹಕಕ್ಕೆ ಹೊಂದಿಕೊಂಡರೆ ಎರಡನೆಯ ಕೋಶದ ನಡವಳಿಕೆ ಬದಲಾಗುತ್ತದೆ. ಸಂದೇಶವು ಬಿಡಿ ಅಣುವಾಗಿರಬಹುದು. ಇಲ್ಲವೆ ಬರಿಗಣ್ಣಿಗೆ ಎಂದೂ ಕಾಣದಷ್ಟು ಸೂಕ್ಷ್ಮವಾದ ಪೊರೆಚೀಲಗಳಲ್ಲಿ ತುಂಬಿಕೊಂಡು ತಾಯಿಯ ರಕ್ತದಲ್ಲಿ ಸಂಚರಿಸಬಹುದು.

ಮಾಸಿನ ಮೊದಲ ಮಾತು ಬಹು ಬೇಗ ಹೊರಡುತ್ತದೆ. ಅಂಡವು ಫಲಿತವಾದ ಸುಮಾರು ಒಂದು ವಾರದಲ್ಲಿ ಭ್ರೂಣದ ಗುಳ್ಳೆ ಗರ್ಭಕೋಶದ ಒಳಪದರಕ್ಕೆ ಅಂಟಿಕೊಳ್ಳುತ್ತದೆ. ಗುಳ್ಳೆಯ ಹೊರಕೋಶಗಳಿಗೆ ಟ್ರೋಫೋಬ್ಲಾಸ್ಟ್ ಎಂದು ಹೆಸರು. ಪೋಷಿಸುವ ಮೊಳಕೆ ಎಂಬುದು ಅದರ ಗ್ರೀಕ್ ಮೂಲದ ಅರ್ಥ. ನಾವು ಇವನ್ನು ಪೋಷಕ ಕೋಶಗಳೆಂದು ಕರೆಯೋಣ. ಇವು ಎಚ್‌ಸಿಜಿ ಎಂಬ ಹಾರ್ಮೋನನ್ನು ಸ್ರವಿಸಿ, ಗರ್ಭವನ್ನು ಕಾಪಾಡುವ ಪ್ರೊಜೆಸ್ಟರೋನನ್ನು ನಿಲ್ಲಿಸಬೇಡವೆಂದು ತಾಯಿಯ ಅಂಡಾಶಯಕ್ಕೆ ತಿಳಿಸುತ್ತವೆ. ಮೂತ್ರ ಪರೀಕ್ಷೆಯಿಂದ ಗರ್ಭವನ್ನು ಗುರುತಿಸುವುದೂ ಈ ಹಾರ್ಮೋನಿನ ಮೂಲಕವೇ.

ಪೋಷಕ ಕೋಶಗಳಲ್ಲಿ ಕೆಲವು ತಮ್ಮ ನಡುವಣ ಗೋಡೆಗಳನ್ನೇ ಕಳೆದುಕೊಂಡು, ಅಸಂಖ್ಯ ಕೋಶಕೇಂದ್ರಗಳುಳ್ಳ ಒಂದೇ ಅಖಂಡ ಪದರವಾಗಿ ಬೆಸೆದುಕೊಳ್ಳುತ್ತವೆ. ಗರ್ಭದ ಕೊನೆಗೆ ಇದರ ವಿಸ್ತಾರ ಸುಮಾರು ೧೨ ಚದರ ಮೀಟರು, ಅಂದರೆ ಒಂದು ಕೋಣೆಯ ನೆಲದಷ್ಟು. ಬೆಸುಗೆಗೆ ನೆರವಾಗುವ ಸಿನ್ಸಿಟಿನ್ ಎಂಬ ಪ್ರೋಟೀನಿನ ವಿಚಾರ ೨೦೦೦ದಲ್ಲಿ ಬೆಳಕಿಗೆ ಬಂದಿತು. ನಮ್ಮ ಪೂರ್ವಜ ಪ್ರಾಣಿಗಳಿಗೆ ಕೋಟ್ಯಂತರ ವರ್ಷಗಳ ಹಿಂದೆ ತಗಲಿದ ವೈರಸ್ಸೊಂದು ಬಿಟ್ಟುಹೋದ ಜೀನಿನಿಂದ ಅದು ತಯಾರಾಗುತ್ತದೆಂಬುದು ಸೋಜಿಗದ ಸಂಗತಿ.

ಗಡಿಯಲ್ಲಿ ನಡೆಯುವ ಒಪ್ಪಂದ

ಇನ್ನು ಕೆಲವು ಪೋಷಕ ಕೋಶಗಳು ಗರ್ಭಕೋಶದ ಗೋಡೆಯೊಳಕ್ಕೆ ನಡೆದುಹೋಗಿ ಅಲ್ಲಿನ ಸುರುಳಿ ಧಮನಿಗಳನ್ನು ಸೇರುತ್ತವೆ. ಈ ಧಮನಿಗಳ ಸ್ನಾಯುಪದರ ಕರಗಿ, ಇಕ್ಕಟ್ಟಾದ ನಾಳಗಳು ಅಗಲವಾದ ಕಾಲುವೆಗಳಾಗುತ್ತವೆ. ಆಗ ತಾಯಿಯ ರಕ್ತವು ಮಾಸಿನೊಳಕ್ಕೆ ನಿಧಾನವಾಗಿ, ಧಾರಾಳವಾಗಿ ಹರಿದುಬರುತ್ತದೆ.

ಇಲ್ಲಿ ಒಂದು ಒಗಟಿದೆ. ಬೇರೊಬ್ಬರ ಚರ್ಮವನ್ನು ಕಸಿಮಾಡಿದರೆ ನಮ್ಮ ದೇಹ ಅದನ್ನು ತಿರಸ್ಕರಿಸುತ್ತದೆ. ಮಾಸಿನ ಅರ್ಧ ಆನುವಂಶಿಕತೆ ತಂದೆಯದು. ತಾಯಿಯ ದೇಹ ಅದನ್ನೇಕೆ ತಿರಸ್ಕರಿಸುವುದಿಲ್ಲ? ಬ್ರಿಟನ್ನಿನ ಪೀಟರ್ ಮೆಡವಾರ್ ಈ ಪ್ರಶ್ನೆಯನ್ನು ೧೯೫೩ರಲ್ಲಿ ಸ್ಪಷ್ಟವಾಗಿ ಮುಂದಿಟ್ಟರು. ಉತ್ತರ ಇಂದಿಗೂ ಸಂಪೂರ್ಣವಾಗಿ ದೊರೆತಿಲ್ಲ. ಆದರೆ ಗರ್ಭಕೋಶದ ಒಳಪದರದಲ್ಲಿ 'ಸಹಜ ಮಾರಕ' ಎಂಬ ಭಯಂಕರ ಹೆಸರಿನ ರಕ್ಷಣಾ ಕೋಶಗಳು ಬಹು ಸಂಖ್ಯೆಯಲ್ಲಿವೆ. ಅವು ಪೋಷಕ ಕೋಶಗಳ ಮೇಲ್ಮೈ ಗುರುತುಗಳನ್ನು ಓದಿಕೊಂಡು, ಕೊಲ್ಲುವುದರ ಬದಲು ಧಮನಿಗಳ ಪರಿವರ್ತನೆಗೆ ಸಹಾಯ ಮಾಡುತ್ತವೆ. ಇದು ಕುರುಡು ಸಹನೆಯಲ್ಲ, ಮಾತುಕತೆಯಿಂದ ಆದ ಒಪ್ಪಂದ.

ಮಾತು ತಪ್ಪಿದಾಗ

ಈ ಒಪ್ಪಂದ ಸರಿಯಾಗಿ ನಡೆಯದಿದ್ದರೆ ಧಮನಿಗಳು ಇಕ್ಕಟ್ಟಾಗಿಯೇ ಉಳಿಯಬಹುದು. ಆಗ ತಾಯಿಗೆ ಏನೂ ತಿಳಿಯುವುದಿಲ್ಲ. ತಿಂಗಳುಗಳು ಕಳೆದು, ೨೦ ವಾರಗಳಾದ ಮೇಲೆ, ರಕ್ತದೊತ್ತಡ ೧೪೦/೯೦ನ್ನು ಮುಟ್ಟುತ್ತದೆ ಇಲ್ಲವೆ ಮೀರುತ್ತದೆ; ಮೂತ್ರದಲ್ಲಿ ಪ್ರೋಟೀನು ಕಾಣಿಸಿಕೊಳ್ಳಬಹುದು; ಯಕೃತ್ತು, ಮೂತ್ರಪಿಂಡಗಳು ಕೆಡಬಹುದು; ಅಪಸ್ಮಾರದಂಥ ಸೆಳೆತ ಬಂದು ಪ್ರಾಣಕ್ಕೇ ಸಂಚಕಾರವಾಗಬಹುದು. ಇದೇ ಪ್ರೀಎಕ್ಲಾಂಪ್ಸಿಯಾ, ಕನ್ನಡದಲ್ಲಿ ಗರ್ಭನಂಜು. ನೂರು ಗರ್ಭಗಳಲ್ಲಿ ೨ರಿಂದ ೮ರಲ್ಲಿ ಇದು ಕಂಡುಬರುತ್ತದೆ.

ದೋಷದ ಮೂಲ ಮಾಸಿನಲ್ಲಿದೆಯೆಂದು ಹೇಗೆ ತಿಳಿಯಿತು? ಭ್ರೂಣವೇ ಇಲ್ಲದೆ ಮಾಸಿನ ಅಂಗಾಂಶವೊಂದೇ ಬೆಳೆಯುವ ಅಪೂರ್ವ ಸಂದರ್ಭಗಳಲ್ಲಿಯೂ ಈ ರೋಗ ಬರುತ್ತದೆ. ಮಾಸು ಹೊರಬಿದ್ದ ಮೇಲೆ ಸಾಮಾನ್ಯವಾಗಿ ಅದು ಶಮನವಾಗುತ್ತದೆ. ಹಾಗಾದರೆ ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ನಂಜು ಯಾವುದು?

ಬಾಸ್ಟನ್ನಿನಲ್ಲಿ ಅನಂತ್ ಕರುಮಂಚಿ ಮತ್ತು ಅವರ ಸಂಗಡಿಗರು ೨೦೦೩ರಲ್ಲಿ ಇದಕ್ಕೆ ಉತ್ತರವೊಂದನ್ನು ಕೊಟ್ಟರು. ರಕ್ತನಾಳಗಳನ್ನು ಆರೋಗ್ಯವಾಗಿಡುವ ಸಂದೇಶಗಳಿವೆ. ಅವನ್ನು ಹಿಡಿಯುವ ಗ್ರಾಹಕಗಳು ನಾಳಗಳ ಕೋಶಗಳ ಮೇಲಿವೆ. ರೋಗಗ್ರಸ್ತ ಮಾಸು ಇದೇ ಗ್ರಾಹಕದ ಬಿಡಿ ತುಂಡನ್ನು, ಎಸ್‌ಫ್ಲ್ಟ್-೧ ಎಂಬುದನ್ನು, ವಿಪರೀತವಾಗಿ ರಕ್ತಕ್ಕೆ ಬಿಡುತ್ತದೆ. ಕೋಶದಿಂದ ಬೇರ್ಪಟ್ಟ ಈ ಕಿವಿಗಳು ಸಂದೇಶಗಳನ್ನು ದಾರಿಯಲ್ಲಿಯೇ ಹಿಡಿದುಬಿಡುತ್ತವೆ. ಕೇಳಬೇಕಾದ ಕೋಶಗಳಿಗೆ ಮಾತು ತಲುಪುವುದೇ ಇಲ್ಲ. ಗರ್ಭಿಣಿ ಇಲಿಗಳಲ್ಲಿ ಈ ವಸ್ತುವನ್ನು ಹೆಚ್ಚಿಸಿದಾಗ ರಕ್ತದೊತ್ತಡ ಏರಿತು, ಮೂತ್ರದಲ್ಲಿ ಪ್ರೋಟೀನು ಕಂಡಿತು. ನಂಜೆಂದು ಭಾವಿಸಿದ್ದುದು ಬಹುಮಟ್ಟಿಗೆ ಕದಿಯಲ್ಪಟ್ಟ ಮಾತು!

ಸಂಶೋಧನೆಯ ದಾರಿ

ಮಾನವ ಗರ್ಭದ ಮೊದಲ ವಾರಗಳನ್ನು ನೇರವಾಗಿ ನೋಡಲಾಗದು. ಇಲಿಯ ಮಾಸು ನಮ್ಮದನ್ನು ಪೂರ್ತಿ ಹೋಲುವುದಿಲ್ಲ. ಆದುದರಿಂದಲೇ ೨೦೧೮ನೆಯ ವರ್ಷ ಈ ಕ್ಷೇತ್ರದಲ್ಲಿ ಮುಖ್ಯವಾದುದು. ಆ ವರ್ಷ ಜಪಾನಿನ ವಿಜ್ಞಾನಿಗಳು ಮಾನವ ಪೋಷಕ ಕೋಶಗಳ ಮೂಲಕೋಶಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿದರು. ಕೇಂಬ್ರಿಜ್ಜಿನಲ್ಲಿ ಮಾಸಿನ ಕಿರು ಮಾದರಿಗಳು ಸಿದ್ಧವಾದವು. ಇನ್ನೊಂದು ತಂಡ ಮೊದಲ ಮೂರು ತಿಂಗಳ ಗರ್ಭಗಳಿಂದ ಸುಮಾರು ೭೦,೦೦೦ ಕೋಶಗಳನ್ನು ಒಂದೊಂದಾಗಿ ಪರೀಕ್ಷಿಸಿ, ಯಾವುದು ಯಾವುದರೊಡನೆ ಮಾತನಾಡಬಲ್ಲುದೆಂಬ ನಕ್ಷೆ ಬರೆಯಿತು. ಇಂದು ಡಾಕ್ಟರೇಟ್ ಪದವಿಗೆ ದುಡಿಯುವ ವಿದ್ಯಾರ್ಥಿ ಈ ನಕ್ಷೆಯ ಒಂದೇ ಒಂದು ಗೆರೆಯನ್ನು ಆರಿಸಿಕೊಂಡು, ಆ ಸಂದೇಶವನ್ನು ತಡೆದರೆ ಕೋಶ ಏನು ಮಾಡುತ್ತದೆಂದು ಹಲವು ವರ್ಷ ಪರೀಕ್ಷಿಸಬಹುದು. ಕೆಲಸ ಕಿರಿದೆಂದು ತೋರಿದರೂ ಚಿಕಿತ್ಸೆಯ ದಾರಿ ತೆರೆಯುವುದು ಇಂಥ ಗೆರೆಗಳಿಂದಲೇ.

ಫಲಗಳು ಆಗಲೇ ಕಾಣತೊಡಗಿವೆ. ಎಸ್‌ಫ್ಲ್ಟ್-೧ಕ್ಕೂ ಅದು ಹಿಡಿಯುವ ಸಂದೇಶಕ್ಕೂ ಇರುವ ಅನುಪಾತವನ್ನು ರಕ್ತದಲ್ಲಿ ಅಳೆಯಬಹುದು. ಅದು ೩೮ನ್ನು ಮೀರದಿದ್ದರೆ, ರೋಗದ ಶಂಕೆಯಿರುವ ಗರ್ಭಿಣಿಗೆ ಮುಂದಿನ ಒಂದು ವಾರದಲ್ಲಿ ಗರ್ಭನಂಜು ಬರುವ ಸಂಭವ ಬಹಳ ಕಡಿಮೆಯೆಂದು ೨೦೧೬ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಅಪಾಯ ಹೆಚ್ಚಾಗಿದ್ದವರಿಗೆ ೧೧ರಿಂದ ೧೪ನೆಯ ವಾರದೊಳಗೆ ಆಸ್ಪಿರಿನ್ ಆರಂಭಿಸಿದಾಗ, ೩೭ ವಾರಕ್ಕೆ ಮೊದಲೇ ಹೆರಿಗೆಯಾಗುವಂತೆ ಮಾಡುವ ಗರ್ಭನಂಜು ಶೇಕಡ ೪.೩ರಿಂದ ೧.೬ಕ್ಕೆ ಇಳಿಯಿತೆಂದು ೨೦೧೭ರ ಪ್ರಯೋಗದಿಂದ ತಿಳಿದುಬಂದಿತು. ಬೆಂಗಳೂರಿನಲ್ಲಿ ಚೊಚ್ಚಲ ಗರ್ಭದ ೧೧,೦೦೦ ಸ್ತ್ರೀಯರ ಮೇಲೆ ನಡೆದು ೨೦೨೪ರಲ್ಲಿ ಪ್ರಕಟವಾದ ಪ್ರಯೋಗವು, ಈ ರೋಗದ ತಡೆಗೆ ದಿನಕ್ಕೆ ೫೦೦ ಮಿಲಿಗ್ರಾಂ ಕ್ಯಾಲ್ಸಿಯಂ ೧,೫೦೦ ಮಿಲಿಗ್ರಾಮಿಗಿಂತ ಕಡಿಮೆಯೇನಲ್ಲವೆಂದು ತೋರಿಸಿತು. ಇವೆಲ್ಲವೂ ವೈದ್ಯರ ಸಲಹೆಯಂತೆಯೇ ನಡೆಯಬೇಕಾದವು.

ಆದರೆ ಪ್ರತಿಯೊಂದು ಮನೆಯವರೂ ಮಾಡಬಹುದಾದ ಕಾರ್ಯವೊಂದಿದೆ. ಗರ್ಭಿಣಿಯ ರಕ್ತದೊತ್ತಡವನ್ನು ತಪ್ಪದೆ ಅಳೆಯಿಸಬೇಕು. ಬಿಡದ ತಲೆನೋವು, ಮಂಜಾದ ದೃಷ್ಟಿ, ಮೇಲುಹೊಟ್ಟೆಯ ನೋವು ಇವನ್ನು ಆಯಾಸವೆಂದು ತಳ್ಳಿಹಾಕದೆ ಕೂಡಲೇ ವೈದ್ಯರಿಗೆ ತಿಳಿಸಬೇಕು. ಕೋಶಗಳ ಮಾತು ಎಲ್ಲಿ ತಪ್ಪಿತೆಂಬುದನ್ನು ವಿಜ್ಞಾನ ಹುಡುಕುತ್ತಿದೆ. ತಾಯಿಯ ಮಾತನ್ನು ಕೇಳಲು ಅದಕ್ಕಾಗಿ ಕಾಯಬೇಕಾಗಿಲ್ಲ.