ಹೊಸ ವರ್ಷಕ್ಕೆ ಕೈಗೆಟುಕುವ ಆರೋಗ್ಯ ಗುರಿ

ಇಯತ್ತೆ: 5 ರಿಂದ 8
ವಿಷಯ: ಆರೋಗ್ಯ ಮತ್ತು ಶಾರೀರಿಕ ಶಿಕ್ಷಣ
ಪಾಠದ ಅವಧಿಗಳು: 2

ಪ್ರಸ್ತಾವನೆ

ಜನವರಿಯ ಮೊದಲ ವಾರದಲ್ಲಿ ಅನೇಕ ಶಾಲೆಗಳ ಫಲಕಗಳ ಮೇಲೆ ‘ದಿನಾಲು ವ್ಯಾಯಾಮ ಮಾಡುವೆನು, ಹಾಲು ಕುಡಿಯುವೆನು’ ಎಂಬ ಸಂಕಲ್ಪಗಳು ಕಾಣಿಸುತ್ತವೆ. ಸಂಕ್ರಾಂತಿಯ ಎಳ್ಳು-ಬೆಲ್ಲ ಹಂಚುವ ಹೊತ್ತಿಗೆ ಅವು ಮರೆತುಹೋಗಿರುತ್ತವೆ. ತರಗತಿಯಲ್ಲಿದ್ದಾಗ ನಾನೂ ಇಂಥ ಸಂಕಲ್ಪಗಳನ್ನು ಬರೆಯಿಸಿದವನೇ. ಒಮ್ಮೆ ವಾರದ ಕೊನೆಗೆ ವಿಚಾರಿಸಿದಾಗ ಬಾಲಕಿಯೊಬ್ಬಳು ಎದ್ದು ನಿಂತು, “ನಮ್ಮ ಮನ್ಯಾಗ ಹಾಲು ಚಾಕ್ಕಷ್ಟ ತರ್ತಾರ್ರೀ ಸರ್” ಎಂದಳು. ನಾನು ಕೊಟ್ಟ ಗುರಿ ಅವಳ ಕೈಯಲ್ಲಿರಲಿಲ್ಲ. ಆದರೂ ತಲೆ ತಗ್ಗಿಸಿದವಳು ಅವಳೇ. ಗುರಿಯನ್ನು ಮಗುವೇ ಆರಿಸಿಕೊಳ್ಳಬೇಕು, ಅದು ಮಗುವಿನ ಶಕ್ತಿಗೆ ನಿಲುಕಬೇಕು ಎಂಬುದನ್ನು ಅಂದು ಕಲಿತೆನು.

ಕೃಷ್ಣಾ ತೀರದ ಮ್ಹೈಸಾಳದಂಥ ಗಡಿಭಾಗದ ಊರುಗಳಿಗೆ ಮಿರಜ ಸಮೀಪದಲ್ಲಿದೆ. ಡಾ. ವಾನ್ಲೆಸ್ ಅವರು 1894ರಲ್ಲಿ ಸ್ಥಾಪಿಸಿದ ಆಸ್ಪತ್ರೆಯ ಕಾಲದಿಂದಲೂ ಆ ನಗರ ವೈದ್ಯಕೀಯ ಸೇವೆಗೆ ಹೆಸರಾಗಿದೆ. ಆಸ್ಪತ್ರೆಯು ರೋಗಕ್ಕೆ ಚಿಕಿತ್ಸೆ ನೀಡುತ್ತದೆ. ಊಟ, ಆಟ, ನಿದ್ದೆಗಳ ರೂಢಿಯನ್ನು ಮನೆ ಮತ್ತು ಶಾಲೆಗಳೇ ಬೆಳೆಸಬೇಕು.

ಬೋಧನಾ ಕ್ರಮ

1. ಮೊದಲು ಮೂರು ದಿನ ಮಕ್ಕಳು ತಮ್ಮ ದಿನಚರಿಯನ್ನು ಬರೆಯಲಿ: ಎಷ್ಟು ಹೊತ್ತು ಆಡಿದೆ? ಏನು ತಿಂದೆ? ಎಷ್ಟಕ್ಕೆ ಮಲಗಿದೆ? ಈಗ ಎಲ್ಲಿದ್ದೇವೆ ಎಂಬುದು ತಿಳಿಯದೆ ಮುಂದಿನ ಹೆಜ್ಜೆ ನಿರ್ಧರಿಸಲಾಗದು.

2. ಪ್ರತಿಯೊಬ್ಬರೂ ಒಂದೇ ಗುರಿಯನ್ನು ಆರಿಸಿ, ಅದನ್ನು ನಾಲ್ಕು ಪ್ರಶ್ನೆಗಳಿಂದ ಪರೀಕ್ಷಿಸಲಿ: ಇದು ನನ್ನ ಕೈಯಲ್ಲಿದೆಯೇ? ಎಣಿಸಬಹುದೇ? ಯಾವ ಹೊತ್ತಿಗೆ ಮಾಡುವೆ? ಮನೆಯವರಿಗೆ ಖರ್ಚಿನ ಹೊರೆಯಾಗದೇ?

3. ದೊಡ್ಡ ಗುರಿಯನ್ನು ಚಿಕ್ಕದಾಗಿಸುವುದನ್ನು ಫಲಕದ ಮೇಲೆ ತೋರಿಸಬೇಕು. 5 ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳ ಚುರುಕಾದ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈಗ 15 ನಿಮಿಷ ಆಡುವ ಮಗು ಈ ವಾರ 20 ನಿಮಿಷ ಆಡಿದರೆ ಸಾಕು. ‘ಆರೋಗ್ಯಕರ ಆಹಾರ ತಿನ್ನುವೆ’ ಎನ್ನುವುದಕ್ಕಿಂತ ‘ಮಧ್ಯಾಹ್ನದ ಊಟದಲ್ಲಿ ಬಂದ ಕಾಳು, ಪಲ್ಯಗಳನ್ನು ಬಿಡದೆ ತಿನ್ನುವೆ’ ಎನ್ನುವುದು ಸ್ಪಷ್ಟ. ‘ಊಟದ ಜೊತೆಗೆ ಚಹಾ ಕುಡಿಯುವುದಿಲ್ಲ’ ಎಂಬುದೂ ಉತ್ತಮ ಗುರಿ, ಏಕೆಂದರೆ ಆಹಾರದಲ್ಲಿನ ಕಬ್ಬಿಣಾಂಶವನ್ನು ದೇಹವು ಹೀರಿಕೊಳ್ಳಲು ಚಹಾ ಅಡ್ಡಿಯಾಗುತ್ತದೆ. ಲಿಂಬೆ, ನೆಲ್ಲಿ, ಪೇರಲ ನೆರವಾಗುತ್ತವೆ.

4. ಹೊಸ ಅಭ್ಯಾಸವನ್ನು ಹಳೆಯ ರೂಢಿಗೆ ಜೋಡಿಸಬೇಕು: ‘ಊಟದ ಗಂಟೆ ಬಾರಿಸಿದೊಡನೆ ಸಾಬೂನಿನಿಂದ ಕೈ ತೊಳೆಯುವೆ’, ‘ರಾತ್ರಿ ಊಟವಾದೊಡನೆ ಹಲ್ಲುಜ್ಜುವೆ’.

5. ವಹಿಯಲ್ಲಿ ಏಳು ಚೌಕಗಳನ್ನು ಬರೆದು, ಮಾಡಿದ ದಿನ ಗುರುತು ಹಾಕಿಸಬೇಕು. ಏಳರಲ್ಲಿ ನಾಲ್ಕು ದಿನ ನಡೆದರೂ ಅದು ಪ್ರಗತಿಯೇ. ತಪ್ಪಿದ ದಿನಕ್ಕೆ ಶಿಕ್ಷೆಯಿಲ್ಲ, ‘ಏಕೆ ತಪ್ಪಿತು?’ ಎಂಬ ಪ್ರಶ್ನೆಯಿದೆ. ಕಬ್ಬು ಕಡಿಯುವ ಹಂಗಾಮಿನಲ್ಲಿ ತಂದೆ-ತಾಯಿ ನಸುಕಿನಲ್ಲೇ ಹೊಲಕ್ಕೆ ಹೋದರೆ ಮುಂಜಾನೆಯ ಗುರಿ ಸಾಗದು. ಆಗ ಹೊತ್ತನ್ನು ಬದಲಿಸಬೇಕು.

ಶಿಕ್ಷಕರಿಗೆ ಸೂಚನೆ

ಮಕ್ಕಳ ತೂಕವನ್ನು ತರಗತಿಯಲ್ಲಿ ಓದಿ ಹೇಳಬಾರದು. ಒಬ್ಬರನ್ನು ಮತ್ತೊಬ್ಬರೊಂದಿಗೆ ಹೋಲಿಸಬಾರದು. ತೂಕ ಇಳಿಸುವುದು ಮಕ್ಕಳು ತಾವಾಗಿ ಇಟ್ಟುಕೊಳ್ಳುವ ಗುರಿಯಲ್ಲ. ಮಗುವೊಂದು ಮೇಲಿಂದ ಮೇಲೆ ದಣಿಯುತ್ತಿದ್ದರೆ, ಮುಖ ಬಿಳಚಿಕೊಂಡಿದ್ದರೆ ಅದನ್ನು ಸೋಮಾರಿತನವೆಂದು ತಿಳಿಯದೆ, ಪಾಲಕರೊಂದಿಗೆ ಮಾತನಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡವು ಶಾಲೆಗೆ ತಪಾಸಣೆಗೆ ಬಂದಾಗ ಅಂಥ ಮಗುವನ್ನು ತಪ್ಪದೆ ತೋರಿಸಬೇಕು.

ಶಿಕ್ಷಕರೂ ತಮ್ಮದೊಂದು ಗುರಿಯನ್ನು ಫಲಕದ ಮೇಲೆ ಬರೆಯಲಿ. ವಯಸ್ಕರಿಗೆ ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ಚಟುವಟಿಕೆ ಬೇಕು. ದಿನಕ್ಕೆ 10 ನಿಮಿಷ ನಡೆಯುವುದರಿಂದ ಆರಂಭಿಸಬಹುದು. ತಪ್ಪಿದ ದಿನ ಅದನ್ನು ಮಕ್ಕಳೆದುರು ಒಪ್ಪಿಕೊಳ್ಳಬೇಕು. ತಪ್ಪಿದ ಮೇಲೂ ಮರುದಿನ ಮತ್ತೆ ತೊಡಗಬಹುದೆಂಬುದನ್ನು ಮಕ್ಕಳು ನಮ್ಮನ್ನು ನೋಡಿಯೇ ಕಲಿಯುತ್ತಾರೆ.

ಮೌಲ್ಯಮಾಪನ

ನಾಲ್ಕು ವಾರಗಳ ನಂತರ ಪ್ರತಿ ಮಗುವೂ ಮೂರು ವಾಕ್ಯ ಬರೆಯಲಿ: ನನ್ನ ಗುರಿ ಏನಿತ್ತು? ಎಷ್ಟು ದಿನ ನಡೆಯಿತು? ಮುಂದೆ ಏನನ್ನು ಬದಲಿಸುವೆ? ಮೂರನೆಯ ಪ್ರಶ್ನೆಗೆ ಮಗು ತಾನೇ ಯೋಚಿಸಿ ಉತ್ತರ ಬರೆದರೆ ಪಾಠದ ಉದ್ದೇಶ ಈಡೇರಿತೆಂದು ತಿಳಿಯಬೇಕು.