ಗೋಡಂಬಿ ನಾನಖಟಾಯಿ: ಅಡುಗೆಮನೆಯಲ್ಲೊಂದು ಪಾಠ

ತಿಂಡಿ ರುಚಿಯಾದರೆ ಅದನ್ನು ಮಾಡಿದವರ ಕೈಗುಣವೆನ್ನುವುದು ನಮ್ಮಲ್ಲಿ ವಾಡಿಕೆ. ಆದರೆ ಕೈಗುಣದ ಹಿಂದೆ ಕಾರಣಗಳಿರುತ್ತವೆ. ಅವನ್ನು ಅರಿತವರಿಗೆ ಆ ಗುಣವೂ ಒಲಿಯುತ್ತದೆ. ಮುಂಬಯಿ, ಪುಣೆಗಳ ಬೇಕರಿಗಳಲ್ಲಿ ದೊರೆಯುವ ನಾನಖಟಾಯಿಯನ್ನು ಮನೆಯಲ್ಲಿಯೇ ಬೇಯಿಸಿ ಈ ಮಾತನ್ನು ಪರೀಕ್ಷಿಸೋಣ.

ಬೇಕಾದ ಸಾಮಗ್ರಿ: ಮೈದಾ 200 ಗ್ರಾಂ, ತುಪ್ಪ 125 ಗ್ರಾಂ, ಸಕ್ಕರೆಪುಡಿ 100 ಗ್ರಾಂ, ತರಿಯಾಗಿ ಕುಟ್ಟಿದ ಗೋಡಂಬಿ 50 ಗ್ರಾಂ, ಮೊಸರು ಒಂದು ಚಮಚ, ಅಡುಗೆ ಸೋಡಾ ಕಾಲು ಚಮಚ, ಸ್ವಲ್ಪ ಏಲಕ್ಕಿ.

ಗೋಡಂಬಿಯ ತವರು ಬ್ರೆಜಿಲ್. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ನಮ್ಮ ಪಶ್ಚಿಮ ಕರಾವಳಿಗೆ ತಂದರು. ದಕ್ಷಿಣ ಕನ್ನಡದ ಗುಡ್ಡಗಳಲ್ಲಿ ಬೆಳೆಯುವ ಗೇರುಬೀಜ ಇದೇ. ಬೆಲೆ ಹೆಚ್ಚೆನಿಸಿದರೆ ಹುರಿದು ಸಿಪ್ಪೆ ತೆಗೆದ ಶೇಂಗಾ ಬಳಸಬಹುದು.

ಮೊದಲು ತುಪ್ಪ, ಸಕ್ಕರೆಗಳನ್ನು ಬೆಳ್ಳಗಾಗುವವರೆಗೆ ತಿಕ್ಕಿ, ಮೊಸರನ್ನು ಬೆರೆಸಿರಿ. ಅನಂತರ ಉಳಿದವನ್ನು ಸೇರಿಸಿ ಹಗುರವಾಗಿ ಕಲಸಿರಿ; ನಾದಬಾರದು. ಏಕೆ? ಗೋಧಿಯ ಹಿಟ್ಟಿಗೆ ನೀರು ಬೆರೆಸಿ ನಾದಿದರೆ ಅದರ ಸಸಾರಜನಕವು ಗ್ಲುಟೆನ್ ಎಂಬ ಜಿಗುಟು ಜಾಲವಾಗುತ್ತದೆ. ಚಪಾತಿಗೆ ಅದು ಬೇಕು, ನಾನಖಟಾಯಿಗೆ ಬೇಡ. ತುಪ್ಪವು ಹಿಟ್ಟಿನ ಕಣಗಳನ್ನು ಆವರಿಸಿ ಆ ಜಾಲವನ್ನು ತಡೆಯುತ್ತದೆ. ಬಾಯಲ್ಲಿಟ್ಟೊಡನೆ ಪುಡಿಯಾಗುವ ಗುಣ ಬರುವುದು ಹೀಗೆ. ಸೋಡಾ ಮೊಸರಿನ ಆಮ್ಲದೊಡನೆ ಕೂಡಿದಾಗ ಇಂಗಾಲದ ಡೈಆಕ್ಸೈಡ್ ಹೊರಬಂದು ಒಳಗನ್ನು ಹಗುರಗೊಳಿಸುತ್ತದೆ.

ಒಲೆಪೆಟ್ಟಿಗೆ ಇಲ್ಲದಿದ್ದರೂ ಕೆಲಸ ನಿಲ್ಲದು. ದಪ್ಪ ತಳದ ಪಾತ್ರೆಯಲ್ಲಿ ಎರಡು ಬೆರಳಿನಷ್ಟು ಉಪ್ಪು ಹರಡಿ, ಮೇಲೊಂದು ಸ್ಟ್ಯಾಂಡ್ ಇಟ್ಟು, ಮುಚ್ಚಿ, ಹತ್ತು ನಿಮಿಷ ಕಾಯಿಸಿರಿ. ಉಪ್ಪು ಕಾವನ್ನು ಹಿಡಿದಿಟ್ಟು ಸಮನಾಗಿ ಹಂಚುತ್ತದೆ. ಕುಕ್ಕರ್ ಬಳಸುವುದಾದರೆ ರಬ್ಬರ್ ಬಳೆಯನ್ನೂ ಸೀಟಿಯನ್ನೂ ತಪ್ಪದೆ ತೆಗೆದಿಡಬೇಕು. ಹಿರಿಯರು ಬಳಿಯಲ್ಲಿರಲಿ.

ಸಣ್ಣ ನಿಂಬೆಯ ಗಾತ್ರದ ಉಂಡೆಗಳನ್ನು ತುಸು ಒತ್ತಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿಟ್ಟು, ಮಂದವಾದ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿರಿ. ಅಂಚು ಹೊಂಬಣ್ಣಕ್ಕೆ ತಿರುಗಿದರೆ ಸಾಕು. ಹೊರತೆಗೆದಾಗ ಮೆತ್ತಗಿರುವುದನ್ನು ಕಂಡು ಬೆಂದಿಲ್ಲವೆಂದು ಮತ್ತೆ ಒಲೆಗೇರಿಸದಿರಿ. ಆರಿದಂತೆ ತಾನಾಗಿ ಗರಿಗರಿಯಾಗುತ್ತದೆ.

ಕೊನೆಯದಾಗಿ ಒಂದು ಮಾತು. ಗೋಡಂಬಿ, ಶೇಂಗಾಗಳು ಕೆಲವರ ಶರೀರಕ್ಕೆ ಒಗ್ಗುವುದಿಲ್ಲ. ಅಂಥವರಿಗೆ ಒಂದು ತುಣುಕೂ ಪ್ರಾಣಾಪಾಯ ತರಬಹುದು. ಶಾಲೆಯ ಡಬ್ಬಿಯಲ್ಲಿ ಕೊಂಡೊಯ್ದು ಹಂಚಿ ತಿನ್ನುವುದು ಒಳ್ಳೆಯ ಗುಣವೇ. ಹಂಚುವ ಮುನ್ನ ಅದರಲ್ಲಿ ಏನೇನಿದೆಯೆಂದು ಗೆಳೆಯರಿಗೆ ತಿಳಿಸುವುದನ್ನೂ ಕೈಗುಣದ ಒಂದು ಭಾಗವೆಂದೇ ತಿಳಿಯಿರಿ.